‘13+’ ಅಂದರೆ ಯಾರಿಗೆ ಹೇಳಿದ್ದು?

ಸಿನಿಮಾ ಶುರುವಾಗುವ ಮೊದಲು ತೆರೆಯ ಮೇಲೆ ಸೆನ್ಸಾರ್ ಸರ್ಟಿಫಿಕೇಟು ಬರುತ್ತದಲ್ಲ, ನಮ್ಮೂರಿನ ಜನ ಅದನ್ನು ಓದುತ್ತಿದ್ದುದು ರೀಲು ಎಷ್ಟಿವೆ ಅಂತ ನೋಡಲಿಕ್ಕೆ. ಹದಿನಾರು ರೀಲು ಅಂದರೆ ಶಿಳ್ಳೆ, ಹದಿನೆಂಟು ಅಂದರೆ ಇನ್ನೂ ಜೋರು ಶಿಳ್ಳೆ. ಹದಿಮೂರು ಅಂತ ಕಂಡರೆ ಗಾಂಧಿ ಕ್ಲಾಸಿನಿಂದ ‘ದುಡ್ಡು ವಾಪಸ್ ಕೊಡ್ರೋ’ ಎಂಬ ಕೂಗು. ಅದೇ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಇನ್ನೊಂದು ಸಂಗತಿಯೂ ಇರುತ್ತಿತ್ತು: ಈ ಚಿತ್ರ ಯಾವ ವಯಸ್ಸಿನವರು ನೋಡುವಂಥದ್ದು ಅಂತ. ಅದರ ಮೇಲೆ ಕಣ್ಣಿಡುತ್ತಿದ್ದವರು ಇಡೀ ಟಾಕೀಸಿನಲ್ಲಿ ಗೇಟ್ ಕೀಪರ್ ಮತ್ತು ನಾನು, ಇಬ್ಬರೇ.

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಟಾಕೀಸಿನಲ್ಲಿ ಬುಕಿಂಗ್ ಕ್ಲರ್ಕಾಗಿ ಸೇರಿ ಮ್ಯಾನೇಜರಾಗಿ ಕೆಲಸ ಮುಗಿಸಿದವನು ನಾನು. ಟಾಕೀಸು ಈಗಿಲ್ಲ, ಆ ಜಾಗದಲ್ಲಿ ಕಲ್ಯಾಣಮಂಟಪ ಎದ್ದಿದೆ. ಆದರೂ ನಮ್ಮ ಬೀದಿಯವರು ಮಕ್ಕಳನ್ನು ಕರೆದುಕೊಂಡು ಹಾಸನಕ್ಕೋ ಬೆಂಗಳೂರಿಗೋ ಹೋಗಿ ಸಿನಿಮಾ ನೋಡುವ ಮೊದಲು ನನ್ನನ್ನು ಕೇಳುವುದುಂಟು: ‘ಸಾರ್, ಇದು ಯುಎ 13 ಪ್ಲಸ್ ಅಂತೆ. ನಮ್ ಹುಡುಗಿಗೆ ಹನ್ನೊಂದು. ಒಳಗೆ ಬಿಡ್ತಾರಾ?’

ಬಿಡುತ್ತಾರೆ. ತಡೆಯುವ ಅಧಿಕಾರವೇ ಅವರಿಗೆ ಇಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಗೊತ್ತಿಲ್ಲದ್ದರಿಂದಲೇ ಮಕ್ಕಳ ಪಾಲಿಗೆ ಏನೇನೋ ಆಗುತ್ತಿದೆ ಎಂಬುದು ನನ್ನ ಸಂಕಟ. ಗೇಟಿನವನು ಬಿಟ್ಟ ಅಂದಮೇಲೆ ಮಗು ನೋಡಬಹುದಾದ ಚಿತ್ರವೇ ಇರಬೇಕು ಅಂತ ತಂದೆತಾಯಿ ತಿಳಿಯುತ್ತಾರೆ. ಕಾನೂನು ಮಾತ್ರ ಆ ನಿರ್ಧಾರವನ್ನು ಗೇಟಿನವನ ಕೈಯಿಂದ ತೆಗೆದು ಅವರ ಕೈಗೇ ಇಟ್ಟಿದೆ.

ಹೇಗೆ ಅಂತ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಬ್ರಿಟಿಷರು 1918ರಲ್ಲಿ ಸಿನಿಮಾ ಕಾಯಿದೆ ತಂದರು. 1920ರಲ್ಲಿ ಬೊಂಬಾಯಿ, ಕಲ್ಕತ್ತಾ, ಮದರಾಸು, ರಂಗೂನುಗಳಲ್ಲಿ ಸೆನ್ಸಾರ್ ಮಂಡಳಿಗಳು ಶುರುವಾದವು. ಪೊಲೀಸ್ ಮುಖ್ಯಸ್ಥರ ಹಿಡಿತದಲ್ಲಿದ್ದ ಆ ಮಂಡಳಿಗಳಿಗೆ ಮಕ್ಕಳ ಮನಸ್ಸಿಗಿಂತ ಸರ್ಕಾರದ ವಿರುದ್ಧ ಜನ ಎದ್ದಾರೆಂಬ ಚಿಂತೆಯೇ ಹೆಚ್ಚು. ಸ್ವಾತಂತ್ರ್ಯ ಬಂದಮೇಲೆ 1951ರಲ್ಲಿ ಇಡೀ ದೇಶಕ್ಕೆ ಒಂದೇ ಮಂಡಳಿಯಾಯಿತು, 1952ರಲ್ಲಿ ಈಗಲೂ ಜಾರಿಯಲ್ಲಿರುವ ಸಿನಿಮಾಟೋಗ್ರಾಫ್ ಕಾಯಿದೆ ಬಂತು. ಆಗ ಇದ್ದದ್ದು ಎರಡೇ ದರ್ಜೆ. ಎಲ್ಲರಿಗೂ ಯು, ವಯಸ್ಕರಿಗೆ ಎ. ನಡುವೆ ಏನೂ ಇಲ್ಲ. ರಾಜಕುಮಾರ್ ಅವರ ಭಕ್ತಿಚಿತ್ರಕ್ಕೂ ಯು, ಖಳನಾಯಕ ಚೂರಿ ಹಿಡಿದು ಬೆನ್ನಟ್ಟುವ ಸಾಹಸಚಿತ್ರಕ್ಕೂ ಯು.

1983ರ ಜೂನ್‌ನಲ್ಲಿ ಇದು ಬದಲಾಯಿತು. ಮಂಡಳಿಯ ಹೆಸರಿನಿಂದ ಸೆನ್ಸಾರ್ ಹೋಗಿ ‘ಚಲನಚಿತ್ರ ಪ್ರಮಾಣನ ಮಂಡಳಿ’ ಎಂದಾಯಿತು. ಯುಎ ಎಂಬ ನಡುವಣ ದರ್ಜೆ ಬಂತು. 12 ವರ್ಷದೊಳಗಿನ ಮಕ್ಕಳನ್ನು ಕರೆತರುವ ಮೊದಲು ಹಿರಿಯರು ಯೋಚಿಸಿ ಎಂಬುದು ಅದರ ತಾತ್ಪರ್ಯ. ವೈದ್ಯರಂಥ ನಿರ್ದಿಷ್ಟ ವೃತ್ತಿಯವರಿಗೆ ಮಾತ್ರ ಎಂಬ ಎಸ್ ದರ್ಜೆಯೂ ಬಂತು. ನನ್ನ ಇಡೀ ಸೇವೆಯಲ್ಲಿ ಎಸ್ ಸರ್ಟಿಫಿಕೇಟಿನ ಒಂದು ಪ್ರಿಂಟೂ ನಮ್ಮ ಟಾಕೀಸಿಗೆ ಬರಲಿಲ್ಲ.

ಗೇಟಿನಲ್ಲಿ ನಿಜವಾದ ಕೆಲಸವಿದ್ದದ್ದು ಎ ಚಿತ್ರಗಳಿಗೆ. ಟಾಕೀಸು ನಡೆಸಲು ಲೈಸೆನ್ಸ್ ಕೊಡುವುದು ರಾಜ್ಯ ಸರ್ಕಾರ. ಕರ್ನಾಟಕದಲ್ಲಿ ಅದಕ್ಕೆ 1964ರ ಕಾಯಿದೆಯಿದೆ, ಜಿಲ್ಲೆಯಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರ ರುಜು ಬೀಳಬೇಕು. ಸಿನಿಮಾಕ್ಕೆ ಸರ್ಟಿಫಿಕೇಟು ಕೊಡುವುದು ಮಾತ್ರ ಕೇಂದ್ರ. ಎ ಚಿತ್ರವನ್ನು ಹದಿನೆಂಟು ತುಂಬದವರಿಗೆ ತೋರಿಸಿದರೆ ನಮ್ಮ ಕಾಲದ ಕಾನೂನಿನಲ್ಲಿ ಮೂರು ವರ್ಷದವರೆಗೆ ಸಜೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದಿತ್ತು. ಲೈಸೆನ್ಸಿನ ಭಯ ಬೇರೆ. ಹಾಗಾಗಿ ಎ ಚಿತ್ರ ಬಿದ್ದ ವಾರ ಗೇಟಿನಲ್ಲಿ ಬಿಗಿ ಕಾವಲು.

ಆಗ ಆಧಾರ್ ಕಾರ್ಡ್ ಎಲ್ಲಿತ್ತು? ಅಣ್ಣನ ಪಂಚೆ ಉಟ್ಟು, ಅಪ್ಪನ ವಾಚು ಕಟ್ಟಿ, ಬೀಡಿ ಹಚ್ಚಿಕೊಂಡು ಬರುವ ಹೈಸ್ಕೂಲು ಹುಡುಗರನ್ನು ನಮ್ಮ ಗೇಟ್ ಕೀಪರ್ ಒಂದೇ ಪ್ರಶ್ನೆಯಲ್ಲಿ ಹಿಡಿಯುತ್ತಿದ್ದ. ವಯಸ್ಸೆಷ್ಟು ಅಂತ ಕೇಳುತ್ತಲೇ ಇರಲಿಲ್ಲ. ಕೇಳಿದರೆ ಎಲ್ಲರೂ ಇಪ್ಪತ್ತು ಅನ್ನುವವರೇ. ಟಿಕೆಟ್ ಹರಿಯುತ್ತ ಮಾತಿಗೆ ಮಾತು ಅನ್ನೋ ಹಾಗೆ, ‘ಈಗ ಲೆಕ್ಕದ ಮೇಷ್ಟ್ರು ಯಾರ್ಲಾ?’ ಅನ್ನುತ್ತಿದ್ದ. ಹುಡುಗ ರೂಢಿಬಲದಿಂದ ಮೇಷ್ಟ್ರ ಹೆಸರು ಹೇಳಿಬಿಡುತ್ತಿದ್ದ. ಅಲ್ಲಿಗೆ ಮುಗಿಯಿತು, ಟಿಕೆಟ್ ವಾಪಸ್, ದುಡ್ಡು ವಾಪಸ್.

ಹುಡುಗರು ಸುಲಭ. ತಂದೆತಾಯಿಯರ ಜೊತೆಗೇ ಕಷ್ಟ. ‘ಪುರಾನಾ ಮಂದಿರ್’ ನಮ್ಮಲ್ಲಿ ಓಡುತ್ತಿದ್ದಾಗ ಒಬ್ಬರು ಏಳೆಂಟು ವರ್ಷದ ಮಗನನ್ನು ಕೈ ಹಿಡಿದು ಮ್ಯಾಟಿನಿಗೆ ಬಂದರು. ರಾಮ್ಸೆ ಸಹೋದರರ ದೆವ್ವದ ಚಿತ್ರ ಅದು, ಎ ಸರ್ಟಿಫಿಕೇಟಿನದು. ಗೇಟಿನಲ್ಲಿ ತಡೆದಾಗ ಅವರು ನನ್ನ ರೂಮಿಗೇ ಬಂದರು.

‘ನನ್ ಮಗ, ನಾನೇ ಕರ್ಕೊಂಡ್ ಬಂದಿದೀನಿ. ನಿಮಗೇನ್ರೀ ಮ್ಯಾನೇಜರ್ರೇ ಕಷ್ಟ?’

‘ಯಜಮಾನ್ರೇ, ನೀವು ನೋಡ್ಬಹುದು, ಹುಡುಗ ನೋಡೋ ಹಾಗಿಲ್ಲ. ನೀವು ಒಪ್ಪಿದ್ರೂ ಕಾನೂನು ಒಪ್ಪಲ್ಲ.’

ಅವರಿಗೆ ಕೋಪ ಬಂತು, ನಾನು ಬಿಡಲಿಲ್ಲ. ಬುಕಿಂಗಿನಿಂದ ದುಡ್ಡು ತರಿಸಿ ಕೊಟ್ಟೆ. ಹುಡುಗ ನನ್ನ ಮೇಜಿನ ಪಕ್ಕ ಗೋಡೆಯಲ್ಲಿ ಅಂಟಿಸಿದ್ದ ಚಿತ್ರದ ಪೋಸ್ಟರಿನ ಕಡೆ ನೋಡದೆ, ಅಪ್ಪನ ಷರಟಿನ ತುದಿ ಹಿಡಿದು ಹಿಂದೆ ಅವಿತುಕೊಂಡಿದ್ದ. ಪೋಸ್ಟರಿಗೇ ಅಷ್ಟು ಹೆದರಿದ ಮಗುವನ್ನು ಕತ್ತಲೆಯಲ್ಲಿ ಎರಡೂವರೆ ಗಂಟೆ ಕೂರಿಸಲು ಹೊರಟಿದ್ದರು, ಪ್ರೀತಿಯಿಂದಲೇ.

ಎ ದರ್ಜೆಯ ಲಕ್ಷಣ ಇದು. ತಂದೆತಾಯಿ ಒಪ್ಪಿದರೂ ಮಗುವಿಗೆ ಪ್ರವೇಶವಿಲ್ಲ, ತಡೆಯುವುದು ಥಿಯೇಟರಿನವರ ಹೊಣೆ. ಯುಎ ಹಾಗಲ್ಲ. 2023ರಲ್ಲಿ ಸಂಸತ್ತು ಕಾಯಿದೆಗೆ ತಿದ್ದುಪಡಿ ತಂದು ಹಳೆಯ ಯುಎಯನ್ನು ಮೂರಾಗಿ ಸೀಳಿತು: ಯುಎ 7+, ಯುಎ 13+, ಯುಎ 16+. 2024ರ ಮಾರ್ಚ್‌ನಲ್ಲಿ ಅದಕ್ಕೆ ಹೊಸ ನಿಯಮಗಳು ಬಂದವು. ತಿದ್ದುಪಡಿಯಲ್ಲೇ ಸ್ಪಷ್ಟವಾಗಿ ಬರೆದಿದ್ದಾರೆ: ಈ ವಯಸ್ಸಿನ ಗುರುತು ಇರುವುದು ಮಗು ಈ ಚಿತ್ರ ನೋಡಬಹುದೇ ಎಂದು ತಂದೆತಾಯಿ ಅಥವಾ ಪೋಷಕರು ಯೋಚಿಸಲಿಕ್ಕೆ, ಅವರನ್ನು ಬಿಟ್ಟು ಬೇರೆ ಯಾರೂ ಇದನ್ನು ಜಾರಿ ಮಾಡುವಂತಿಲ್ಲ. 16+ ಚಿತ್ರಕ್ಕೆ ಆರು ವರ್ಷದ ಮಗುವನ್ನು ಎತ್ತಿಕೊಂಡು ಬಂದರೂ ಗೇಟಿನವನು ಸುಮ್ಮನೆ ಟಿಕೆಟ್ ನೋಡಿ ಒಳಗೆ ಕಳಿಸಬೇಕು. ನನ್ನಂಥವನಿಗೆ ಇದು ಮೊದಲು ಅರಗಲಿಲ್ಲ. ಆಮೇಲೆ ಯೋಚಿಸಿದಾಗ ಸರಿಯೆನಿಸಿತು. ಹನ್ನೆರಡು ವರ್ಷದ ಎಲ್ಲ ಮಕ್ಕಳೂ ಒಂದೇ ಥರ ಇರುವುದಿಲ್ಲ. ಒಂದು ಮಗು ಯುದ್ಧದ ದೃಶ್ಯ ನೋಡಿ ಊಟ ಮಾಡಿ ಮಲಗುತ್ತದೆ, ಇನ್ನೊಂದು ಮಗು ನಾಯಿ ಸತ್ತ ದೃಶ್ಯ ನೋಡಿ ಮೂರು ದಿನ ಅಳುತ್ತದೆ. ಇದು ಗೇಟ್ ಕೀಪರನಿಗೆ ಹೇಗೆ ತಿಳಿಯಬೇಕು? ಅಮ್ಮನಿಗೆ ತಿಳಿಯುತ್ತದೆ.

ಮೂರು ಭಾಗ ಯಾಕೆ ಬೇಕಾಯಿತು ಅಂತ ಕೇಳುವವರು ಇಂಟರ್‌ವಲ್‌ನಲ್ಲಿ ಒಮ್ಮೆ ಕ್ಯಾಂಟೀನಿನ ಹತ್ತಿರ ನಿಂತು ಮಕ್ಕಳನ್ನು ನೋಡಬೇಕು. ನಾನು ಎಷ್ಟೋ ವರ್ಷ ನಿಂತು ನೋಡಿದ್ದೇನೆ. ಐದಾರು ವರ್ಷದ ಮಕ್ಕಳಿಗೆ ಕಥೆ ಹಿಡಿಯುವುದಿಲ್ಲ, ಮುಖ ಮತ್ತು ಶಬ್ದ ಹಿಡಿಯುತ್ತವೆ. ಖಳನಾಯಕ ಕಣ್ಣು ಕೆಂಪಗೆ ಮಾಡಿದರೆ ಸಾಕು, ಅವನು ಪರದೆಯಿಂದ ಇಳಿದು ಬರುತ್ತಾನೆಂದೇ ಅವಕ್ಕೆ ಭಯ. ಕೊನೆಯಲ್ಲಿ ನಾಯಕ ಗೆಲ್ಲುತ್ತಾನೆ ಎಂಬ ಸಮಾಧಾನ ಅವಕ್ಕೆ ಸಿಗುವುದೇ ಇಲ್ಲ, ಅಷ್ಟು ಹೊತ್ತಿಗೆ ಅಮ್ಮನ ಸೆರಗಿನೊಳಗೆ ಇರುತ್ತವೆ. ನಮ್ಮಲ್ಲಿ ಡಿಟಿಎಸ್ ಬಂದಮೇಲೆ ಮಗುವನ್ನು ಎತ್ತಿಕೊಂಡು ಹೊರಗೆ ಬಂದು ವರಾಂಡದಲ್ಲಿ ಓಡಾಡುವ ತಾಯಂದಿರು ಹೆಚ್ಚಾದರು. ಸರ್ಟಿಫಿಕೇಟು ದೃಶ್ಯ ನೋಡಿ, ಮಾತು ಕೇಳಿ ಕೊಡುವಂಥದ್ದು. ಥಿಯೇಟರಿನವನು ಸೌಂಡನ್ನು ಎಷ್ಟು ಏರಿಸುತ್ತಾನೆ ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ. ಪುಟ್ಟ ಮಕ್ಕಳಿದ್ದವರು ಇದನ್ನು ನೆನಪಿಡಬೇಕು.

ಹತ್ತು ಹನ್ನೆರಡರ ಮಕ್ಕಳು ಬೇರೆಯೇ. ಅವಕ್ಕೆ ಕಥೆ ಗೊತ್ತಾಗುತ್ತದೆ, ಯಾರು ಒಳ್ಳೆಯವರು ಯಾರು ಕೆಟ್ಟವರು ಅಂತ ತಿಳಿಯುತ್ತದೆ. ಆದರೆ ಒಳ್ಳೆಯವನು ಮಾಡಿದ್ದೆಲ್ಲ ಒಳ್ಳೆಯದು ಅಂತಲೂ ತಿಳಿಯುತ್ತವೆ. ಸಾಹಸಚಿತ್ರ ಬಿಟ್ಟ ಕೂಡಲೇ ಸೈಕಲ್ ಸ್ಟ್ಯಾಂಡಿನಲ್ಲಿ ನಾಯಕನಂತೆ ಒದೆಯುವ ಆಟ ಶುರು. ಇನ್ನು ಹದಿನೈದು ಹದಿನಾರರ ಹುಡುಗರಿಗೆ ದೆವ್ವದ ಭಯವಿಲ್ಲ, ರಕ್ತದ ಭಯವಿಲ್ಲ. ಅವರು ನಾಯಕ ಹುಡುಗಿಯನ್ನು ಹೇಗೆ ಹಿಂಬಾಲಿಸಿದ, ಅವಳು ಬೇಡ ಅಂದಾಗ ಏನು ಮಾಡಿದ, ಸಿಗರೇಟನ್ನು ಹೇಗೆ ಹಿಡಿದ ಎಂಬುದನ್ನು ಕಲಿಯುತ್ತಾರೆ. ಏಳಕ್ಕೆ, ಹದಿಮೂರಕ್ಕೆ, ಹದಿನಾರಕ್ಕೆ ಅಪಾಯ ಬೇರೆ ಬೇರೆ ಕಡೆಯಿಂದ ಬರುತ್ತದೆ. ‘12ಕ್ಕಿಂತ ಕೆಳಗೆ’ ಎಂಬ ಒಂದೇ ಗೆರೆಯಲ್ಲಿ ಅದನ್ನು ಹಿಡಿಯಲು ಆಗುತ್ತಿರಲಿಲ್ಲ.

ಈ ಅಂಕಿಯನ್ನು ನಿರ್ಧರಿಸುವವರು ಯಾರು? ಮಂಡಳಿಯ ಕೇಂದ್ರ ಕಚೇರಿ ಮುಂಬಯಿಯಲ್ಲಿದೆ, ಪ್ರಾದೇಶಿಕ ಕಚೇರಿಗಳು ಒಟ್ಟು ಒಂಬತ್ತು, ಅವುಗಳಲ್ಲಿ ಬೆಂಗಳೂರಿನದೂ ಒಂದು. ನಿರ್ಮಾಪಕರು ಅರ್ಜಿ ಹಾಕಿದಮೇಲೆ ಪರಿಶೀಲನಾ ಸಮಿತಿ ಕೂತು ಚಿತ್ರ ನೋಡುತ್ತದೆ. ಪೂರ್ಣ ಪ್ರಮಾಣದ ಚಿತ್ರವಾದರೆ ಸಲಹಾ ಸಮಿತಿಯ ನಾಲ್ವರು, ಜೊತೆಗೆ ಒಬ್ಬ ಅಧಿಕಾರಿ. ಇವರಲ್ಲಿ ಇಬ್ಬರಾದರೂ ಹೆಂಗಸರಿರಬೇಕು ಎಂಬುದು 1983ರ ನಿಯಮದಿಂದಲೂ ಬಂದ ಪದ್ಧತಿ. ಸಲಹಾ ಸಮಿತಿಯವರು ಸಿನಿಮಾ ಪಂಡಿತರೇ ಆಗಬೇಕಿಲ್ಲ. ಕಾಲೇಜಿನಲ್ಲಿ ಪಾಠ ಹೇಳಿದವರು, ವಕೀಲರು, ಸಮಾಜಸೇವೆ ಮಾಡಿದವರು ಇರುತ್ತಾರೆ. ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯವನ್ನು ಬೇರೆ ಬೇರೆ ಬರೆದುಕೊಡಬೇಕು. ಅವರ ನಿರ್ಧಾರ ನಿರ್ಮಾಪಕರಿಗೆ ಒಪ್ಪಿಗೆಯಾಗದಿದ್ದರೆ ಚಿತ್ರ ಇನ್ನೂ ದೊಡ್ಡದಾದ ಪುನರ್‌ಪರಿಶೀಲನಾ ಸಮಿತಿಯ ಮುಂದೆ ಹೋಗುತ್ತದೆ. ಅದರ ಮೇಲೆ ದೆಹಲಿಯಲ್ಲಿ ಒಂದು ಮೇಲ್ಮನವಿ ನ್ಯಾಯಮಂಡಳಿ ಇತ್ತು, 2021ರಲ್ಲಿ ಅದನ್ನು ಮುಚ್ಚಿದರು. ಈಗ ನೇರವಾಗಿ ಹೈಕೋರ್ಟಿಗೇ ಹೋಗಬೇಕು. ಸಣ್ಣ ಬಜೆಟ್ಟಿನ ಕನ್ನಡ ನಿರ್ಮಾಪಕರಿಗೆ ಇದು ದೊಡ್ಡ ಹೊರೆ. ಬಿಡುಗಡೆ ದಿನಾಂಕ ಹತ್ತಿರ ಬಂದಿರುವಾಗ ಕೋರ್ಟಿಗೆ ಅಲೆಯುವುದಕ್ಕಿಂತ ಹೇಳಿದ್ದನ್ನು ಕತ್ತರಿಸಿ ಕೊಡುವುದೇ ಮೇಲು ಅಂತ ಅವರು ಸೋಲುತ್ತಾರೆ. ಆ ನ್ಯಾಯಮಂಡಳಿಯನ್ನು ಮುಚ್ಚಬಾರದಿತ್ತು.

ಚಿತ್ರ ನೋಡುವಾಗ ಸಮಿತಿಯವರು ಏನನ್ನು ತೂಗುತ್ತಾರೆ? ಕೇಂದ್ರ ಸರ್ಕಾರ 1991ರಲ್ಲಿ ಕೊಟ್ಟ ಮಾರ್ಗಸೂಚಿಯ ಮುಖ್ಯ ಮಾತು, ಚಿತ್ರವನ್ನು ಇಡಿಯಾಗಿ ನೋಡಿ, ಅದು ಮನಸ್ಸಿನ ಮೇಲೆ ಒಟ್ಟಾರೆ ಏನು ಪರಿಣಾಮ ಮಾಡುತ್ತದೆ ಎಂಬುದರ ಮೇಲೆ ತೀರ್ಮಾನಿಸಬೇಕು ಎನ್ನುವುದು. ಹಿಂಸೆಯನ್ನು ವೈಭವೀಕರಿಸಿದೆಯೇ, ಅಪರಾಧ ಮಾಡುವ ವಿಧಾನವನ್ನು ಕಲಿಸುವಂತಿದೆಯೇ, ಮಕ್ಕಳನ್ನು ಹಿಂಸೆಯಲ್ಲಿ ತೊಡಗಿಸಿ ತೋರಿಸಿದೆಯೇ, ಕುಡಿತಕ್ಕೂ ಮಾದಕ ವಸ್ತುವಿಗೂ ಮೆರುಗು ಕೊಟ್ಟಿದೆಯೇ ಇತ್ಯಾದಿ ಅದರಲ್ಲಿವೆ. ಒಟಿಟಿ ವೇದಿಕೆಗಳಿಗೆ 2021ರಲ್ಲಿ ಬಂದ ನಿಯಮಗಳಲ್ಲಿ ಇದನ್ನು ಇನ್ನೂ ಬಿಡಿಸಿ ಬರೆದಿದ್ದಾರೆ: ಸಂದರ್ಭ, ವಸ್ತು, ಧಾಟಿ, ಯಾರಿಗಾಗಿ ಮಾಡಿದ್ದು. ಆಮೇಲೆ ಹಿಂಸೆ, ಭಾಷೆ, ನಗ್ನತೆ, ಲೈಂಗಿಕತೆ, ಮಾದಕ ವಸ್ತು, ಭಯ. ಇವುಗಳ ಜೊತೆಗೆ, ನೋಡಿದವರು ಅನುಕರಿಸಬಹುದಾದ ವರ್ತನೆ. ನನ್ನ ಪ್ರಕಾರ ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಪೌರಾಣಿಕ ಚಿತ್ರದಲ್ಲಿ ಚಕ್ರ ಬಂದು ರಾಕ್ಷಸನ ತಲೆ ಹಾರಿಸಿದರೆ ಯಾವ ಮಗುವೂ ಮನೆಗೆ ಹೋಗಿ ಚಕ್ರ ತಿರುಗಿಸುವುದಿಲ್ಲ. ಅದೇ ನಾಯಕ ಬೇಸರದಲ್ಲಿ ಹಗ್ಗ ಕಟ್ಟಿಕೊಳ್ಳುವ ದೃಶ್ಯವನ್ನು ನಿಧಾನವಾಗಿ ತೋರಿಸಿದರೆ, ಅದರಲ್ಲಿ ಒಂದು ತೊಟ್ಟು ರಕ್ತವಿಲ್ಲದಿದ್ದರೂ, ನನ್ನ ಎದೆ ನಡುಗುತ್ತದೆ. ಹಗ್ಗ ಎಲ್ಲರ ಮನೆಯಲ್ಲೂ ಇದೆ.

ವಯಸ್ಸಿನ ಮೇಲೆ ಚಿತ್ರಗಳನ್ನು ಹೀಗೆ ಬೇರ್ಪಡಿಸುವುದು ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಕೆ.ಎ. ಅಬ್ಬಾಸ್ 1968ರಲ್ಲಿ ನಾಲ್ಕು ಮಹಾನಗರಗಳ ಮೇಲೆ ಒಂದು ಕಿರು ಸಾಕ್ಷ್ಯಚಿತ್ರ ಮಾಡಿದರು. ಸಿರಿವಂತರ ಬದುಕು, ಅದರ ಪಕ್ಕದಲ್ಲೇ ಬಡವರ ಬದುಕು. ಬೊಂಬಾಯಿಯ ವೇಶ್ಯಾವಾಟಿಕೆಯ ಬೀದಿಯ ಒಂದೆರಡು ದೃಶ್ಯಗಳಿದ್ದವೆಂದು ಮಂಡಳಿ ಎ ಕೊಟ್ಟಿತು. ಅಬ್ಬಾಸರು ಯು ಬೇಕೆಂದು ಹಟ ಹಿಡಿದರು. ಯಾಕೆಂದರೆ ಎಳೆಯರೂ ನೋಡಬೇಕಾದ ಸತ್ಯ ಅದು ಎಂಬುದು ಅವರ ನಂಬಿಕೆ. ಕೇಸು ನಡೆಯುತ್ತಿರುವಾಗಲೇ ಸರ್ಕಾರ ಮಣಿದು ಯು ಕೊಡಲು ಒಪ್ಪಿತು. ಅಬ್ಬಾಸರು ಅಷ್ಟಕ್ಕೆ ಸುಮ್ಮನಾಗದೆ ಪ್ರದರ್ಶನಕ್ಕೆ ಮೊದಲೇ ಚಿತ್ರವನ್ನು ಪರಿಶೀಲಿಸುವ ವ್ಯವಸ್ಥೆಯನ್ನೇ ಪ್ರಶ್ನಿಸಿದರು. 1970ರಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ ತೀರ್ಪು ಕೊಟ್ಟಿತು. ಬೇರೆ ಯಾವ ಕಲೆಗಿಂತಲೂ ಸಿನಿಮಾ ಮನಸ್ಸನ್ನು ಆಳವಾಗಿ ಕಲಕುತ್ತದೆ, ಅದರಲ್ಲೂ ಎಳೆಯರನ್ನು. ಆದ್ದರಿಂದ ಪೂರ್ವ ಪರಿಶೀಲನೆ, ಯು ಮತ್ತು ಎ ಎಂಬ ವಿಂಗಡಣೆ ಎರಡೂ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಜೊತೆಗೇ, ಕಾಮದ ಪ್ರಸ್ತಾಪವೆಲ್ಲ ಅಶ್ಲೀಲವಲ್ಲ, ಕಲೆಗೆ ಕೊಡಬೇಕಾದ ಜಾಗ ಕೊಡಿ ಎಂದು ಮಂಡಳಿಗೂ ಬುದ್ಧಿ ಹೇಳಿತು.

ಅದೇ 1970ರಲ್ಲಿ ನಮ್ಮ ‘ಸಂಸ್ಕಾರ’ವೂ ಇಂಥದೇ ಕಷ್ಟದಲ್ಲಿತ್ತು. ಪಟ್ಟಾಭಿರಾಮ ರೆಡ್ಡಿ ನಿರ್ದೇಶನದ, ಯು.ಆರ್. ಅನಂತಮೂರ್ತಿಯವರ ಕಾದಂಬರಿ ಆಧರಿಸಿದ ಆ ಚಿತ್ರವನ್ನು ಮದರಾಸಿನ ಸೆನ್ಸಾರಿನವರು ತಡೆದರು. ಜಾತಿಯ ವಿಚಾರದಲ್ಲಿ ಜನ ಕೆರಳುತ್ತಾರೆಂಬ ಹೆದರಿಕೆ. ಕೇಂದ್ರ ಸಚಿವಾಲಯದ ಮಟ್ಟದಲ್ಲಿ ತಡೆ ತೆರವಾಗಿ ತೆರೆಗೆ ಬಂದಮೇಲೆ ಅದಕ್ಕೆ ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು. ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಮಗುವಿಗೆ ಬೇಡ ಅನ್ನುವುದು ಒಂದು, ಯಾರಿಗೂ ಬೇಡ ಅನ್ನುವುದು ಇನ್ನೊಂದು. ಮೊದಲನೆಯದನ್ನು ನಾನು ಗೇಟಿನಲ್ಲಿ ನಿಂತು ನಡೆಸಿದವನು, ಅದರ ಪರವಾಗಿದ್ದೇನೆ. ಎರಡನೆಯದಕ್ಕೆ ನನ್ನ ಒಪ್ಪಿಗೆಯಿಲ್ಲ. ಬೆಳೆದವರು ಏನು ನೋಡಬೇಕೆಂದು ಐದು ಜನ ತೀರ್ಮಾನಿಸುವುದು ಬೇಡ. 2016ರಲ್ಲಿ ಶ್ಯಾಮ್ ಬೆನೆಗಲ್ ನೇತೃತ್ವದ ಸಮಿತಿ ಸರ್ಕಾರಕ್ಕೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಮಂಡಳಿ ಕತ್ತರಿ ಕೆಳಗಿಟ್ಟು ವಯಸ್ಸಿಗೆ ತಕ್ಕ ದರ್ಜೆ ಕೊಡುವ ಕೆಲಸ ಮಾಡಲಿ. ಯುಎಯನ್ನು ವಯಸ್ಸಿನ ಮೇಲೆ ಒಡೆಯಬೇಕೆಂದು ಆ ಸಮಿತಿಯೂ ಸೂಚಿಸಿತ್ತು, 12+ ಮತ್ತು 15+ ಎಂದು.

ಕತ್ತರಿ ಮಾತ್ರ ಇನ್ನೂ ಕೆಳಗಿಳಿದಿಲ್ಲ. ಅದಕ್ಕೆ ಮಂಡಳಿಯೊಂದೇ ಕಾರಣವಲ್ಲ, ವ್ಯಾಪಾರವೂ ಕಾರಣ. ಎ ಬಂದರೆ ಮಕ್ಕಳ ಟಿಕೆಟ್ ಹೋಯಿತು, ಮಕ್ಕಳಿಲ್ಲದೆ ಬರಲಾಗದ ತಂದೆತಾಯಿಯರ ಟಿಕೆಟೂ ಹೋಯಿತು. ಎ ಚಿತ್ರವನ್ನು ಇದ್ದ ಹಾಗೇ ಟಿವಿಯಲ್ಲಿ ಹಾಕುವಂತಿಲ್ಲ, ಮತ್ತೆ ಕತ್ತರಿಸಿ ಟಿವಿಗೆಂದೇ ಬೇರೆ ಸರ್ಟಿಫಿಕೇಟ್ ಪಡೆಯಬೇಕು. ಹಾಗಾಗಿ ಯುಎಗೆ ಬೇಕಾದಷ್ಟು ಕತ್ತರಿಸಿಕೊಡುತ್ತೇವೆ ಎಂಬ ಚೌಕಾಶಿ ನಡೆಯುತ್ತದೆ. ಹಳೆಯ ಪದ್ಧತಿಯಲ್ಲಿ, ಹೀಗೆ ಕತ್ತರಿಸಿದ ಚಿತ್ರದ ಸರ್ಟಿಫಿಕೇಟಿನ ಕೆಳಗಡೆ ಎಡಮೂಲೆಯಲ್ಲಿ ಒಂದು ಪುಟ್ಟ ತ್ರಿಕೋನ ಇರುತ್ತಿತ್ತು. ಪ್ರಿಂಟು ಬಂದ ದಿನ ಆಪರೇಟರ್ ಕ್ಯಾಬಿನ್ನಿನಲ್ಲಿ ಮೊದಲ ರೀಲನ್ನು ಬಲ್ಬಿಗೆ ಹಿಡಿದು ತ್ರಿಕೋನ ಇದೆಯೋ ಇಲ್ಲವೋ ನೋಡುತ್ತಿದ್ದ. ಇದ್ದರೆ, ‘ಸಾರ್, ಫೈಟು ಕಟ್ಟಾಗಿದೆ’ ಅಂತ ಕೂಗಿ ಹೇಳುತ್ತಿದ್ದ.

ಈಚಿನ ಒಂದು ಉದಾಹರಣೆ ನೋಡಿ. ಪ್ರಶಾಂತ್ ನೀಲ್ ನಿರ್ದೇಶಿಸಿದ ‘ಕೆಜಿಎಫ್’ನ ಎರಡೂ ಭಾಗಗಳಿಗೆ ಯುಎ ಸಿಕ್ಕಿತು. ಅವರದೇ ತೆಲುಗು ಚಿತ್ರ ‘ಸಲಾರ್’ 2023ರಲ್ಲಿ ಎ ಸರ್ಟಿಫಿಕೇಟಿನೊಂದಿಗೆ ಬಂತು. 2025ರ ಆಗಸ್ಟ್‌ನಲ್ಲಿ ರಜನಿಕಾಂತ್ ಅವರ ‘ಕೂಲಿ’ಗೆ ಎ ಬಂದಾಗ ನಿರ್ಮಾಪಕರು ಮದ್ರಾಸ್ ಹೈಕೋರ್ಟಿಗೆ ಹೋದರು. ‘ಕೆಜಿಎಫ್’ನಂಥ ಚಿತ್ರಗಳಿಗೆ ಯುಎ ಕೊಟ್ಟಿದ್ದೀರಿ, ನಮಗ್ಯಾಕೆ ಇಲ್ಲ ಎಂಬುದು ಅವರ ವಾದಗಳಲ್ಲಿ ಒಂದು. ಕೋರ್ಟು ಒಪ್ಪಲಿಲ್ಲ, ಅರ್ಜಿ ವಜಾ ಆಯಿತು. ‘ಕೆಜಿಎಫ್’ ಬಂದಾಗ ಯುಎ ಒಂದೇ ಇತ್ತು, ಅದರಲ್ಲಿ ಏಳರ ಮಗುವಿಗೂ ಹದಿನಾರರ ಹುಡುಗನಿಗೂ ಒಂದೇ ಅಕ್ಷರ. ಈಗ ಬಂದಿದ್ದರೆ ಯಾವ ಅಂಕಿ ಬೀಳುತ್ತಿತ್ತೋ. 2025ರ ಅಕ್ಟೋಬರಿನಲ್ಲಿ ಬಂದ ‘ಕಾಂತಾರ ಅಧ್ಯಾಯ 1’ಕ್ಕೆ ಯುಎ 16+ ಸಿಕ್ಕಿತು. ನಮ್ಮ ಬೀದಿಯ ಅರ್ಧಕ್ಕರ್ಧ ಮಕ್ಕಳು ಅದನ್ನು ಥಿಯೇಟರಿನಲ್ಲಿ ನೋಡಿ ಬಂದಿದ್ದಾರೆ. ದೈವದ ಚಿತ್ರ ಅಂತ ಅಜ್ಜಿಯರೇ ಕರೆದುಕೊಂಡು ಹೋದರು. ಹೋಗಬಾರದಿತ್ತು ಎನ್ನುವುದಿಲ್ಲ. ಹದಿನಾರು ಎಂಬ ಅಂಕಿಯನ್ನು ಯಾರಾದರೂ ಒಬ್ಬರು ಓದಿ, ಒಂದು ನಿಮಿಷ ಕೂತು ಯೋಚಿಸಿ ಹೊರಟಿದ್ದರೆ ನನಗೆ ಸಮಾಧಾನವಿರುತ್ತಿತ್ತು.

ಎ ಬಗ್ಗೆ ಇನ್ನೊಂದು ಮಾತು. ಎಂಬತ್ತು ತೊಂಬತ್ತರ ದಶಕದಲ್ಲಿ ಗೋಡೆಗಳ ಮೇಲೆ ದೊಡ್ಡದಾಗಿ ಎ ಬರೆದು ಬೆಳಗಿನ ಆಟಕ್ಕೆ ಜನ ಸೇರಿಸುತ್ತಿದ್ದ ಒಂದು ಬಗೆಯ ಚಿತ್ರಗಳಿದ್ದವು. ಆದ್ದರಿಂದ ಎ ಅಂದರೆ ‘ಆ ಥರದ್ದು’ ಎಂಬ ಕಳಂಕ ಅಂಟಿಕೊಂಡಿತು. ಶೇಖರ್ ಕಪೂರರ ‘ಬ್ಯಾಂಡಿಟ್ ಕ್ವೀನ್’ ಕೂಡ ಎ ಚಿತ್ರವೇ. ಹೆಣ್ಣಿನ ಮೇಲಿನ ಅತ್ಯಾಚಾರ ಎಷ್ಟು ಅಸಹ್ಯವೆಂದು ತೋರಿಸುವ ಆ ದೃಶ್ಯಗಳು ಕಾಮ ಕೆರಳಿಸುವುದಿಲ್ಲ, ಕರುಣೆ ಮತ್ತು ಹೇಸಿಗೆ ಹುಟ್ಟಿಸುತ್ತವೆ ಎಂಬರ್ಥದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟೇ ಅದರ ಎ ಸರ್ಟಿಫಿಕೇಟನ್ನು ಎತ್ತಿಹಿಡಿಯಿತು. ಎ ಎಂಬುದು ಚಿತ್ರಕ್ಕೆ ಬಿದ್ದ ಕಡಿಮೆ ಮಾರ್ಕಲ್ಲ, ಯು ಎಂಬುದು ಒಳ್ಳೆಯ ಚಿತ್ರವೆಂಬ ಖಾತ್ರಿಯೂ ಅಲ್ಲ. ಸೊಸೆಯನ್ನು ಹೊಡೆದು ಬುದ್ಧಿ ಕಲಿಸುವ ಎಷ್ಟೋ ‘ಸಾಂಸಾರಿಕ’ ಚಿತ್ರಗಳನ್ನು ಯು ಹಚ್ಚಿಕೊಂಡು ನಮ್ಮ ಟಾಕೀಸಿನಲ್ಲೇ ನಾಲ್ಕು ಆಟ ಓಡಿಸಿದ್ದೇವೆ.

ನನ್ನ ಬೇಡಿಕೆ ಒಂದೇ. ಪೋಸ್ಟರಿನಲ್ಲಿ ಅಂಕಿಯ ಪಕ್ಕದಲ್ಲಿ ಕಾರಣವನ್ನೂ ಹಾಕಲಿ. ‘13+: ರಕ್ತಪಾತ, ಬೈಗುಳ’ ಅಥವಾ ‘16+: ಆತ್ಮಹತ್ಯೆಯ ದೃಶ್ಯ’ ಅಂತ ಒಂದು ಸಾಲು ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿರಲಿ. ಒಟಿಟಿಯವರು ಹೀಗೆ ಕಾರಣ ತೋರಿಸಲೇಬೇಕೆಂದು ನಿಯಮವಿದೆ. ಥಿಯೇಟರಿನ ಗೋಡೆಯ ಪೋಸ್ಟರಿನಲ್ಲಿ ಅಂಥ ಸಾಲನ್ನು ನಾನು ಕಂಡಿಲ್ಲ. ಬರೀ ಅಂಕಿ ಕೊಟ್ಟು ಯೋಚಿಸಿ ಅಂದರೆ ತಾಯಿ ಯಾವುದರ ಮೇಲೆ ಯೋಚಿಸಬೇಕು? ಬ್ರಿಟನ್ನಿನ ಪ್ರಮಾಣನ ಮಂಡಳಿ ತನ್ನ ವೆಬ್‌ಸೈಟಿನಲ್ಲಿ ಪ್ರತಿ ಚಿತ್ರಕ್ಕೂ ಇಂಥ ದೃಶ್ಯವಿದೆ, ಇಂಥ ಮಾತಿದೆ ಅಂತ ಬರೆದಿಡುತ್ತದೆ. ಅಲ್ಲಿ ಬಿಡುಗಡೆಯಾಗುವ ಭಾರತೀಯ ಚಿತ್ರಗಳಿಗೂ ಬರೆಯುತ್ತದೆ. ಅನುಮಾನ ಬಂದಾಗ ನನ್ನ ಮಗಳು ಫೋನಿನಲ್ಲಿ ಅದನ್ನೇ ಹುಡುಕಿ ಓದಿ ಹೇಳುತ್ತಾಳೆ. ನಮ್ಮ ಚಿತ್ರದಲ್ಲಿ ಏನಿದೆಯೆಂದು ತಿಳಿಯಲು ನಾವು ಲಂಡನ್ನಿನವರು ಬರೆದದ್ದನ್ನು ಓದಬೇಕಾಗಿದೆ.

ಅಲ್ಲಿಯವರೆಗೆ ನಮ್ಮ ಬೀದಿಯವರಿಗೆ ಹೇಳುವುದಿಷ್ಟು. ಮಗುವಿನ ವಯಸ್ಸು ಅಂಕಿಗಿಂತ ಕಡಿಮೆಯಿದ್ದರೆ ಮೊದಲ ವಾರವೇ ಕರೆದುಕೊಂಡು ಹೋಗಬೇಡಿ. ನೋಡಿದವರೊಬ್ಬರನ್ನು ಕೇಳಿ, ಚೆನ್ನಾಗಿದೆಯಾ ಅಂತಲ್ಲ, ಯಾರು ಹೇಗೆ ಸಾಯುತ್ತಾರೆ ಅಂತ ಕೇಳಿ. ನಡುವೆ ಮಗು ಹೆದರಿದರೆ ಟಿಕೆಟಿನ ದುಡ್ಡು ನೋಡದೆ ಎದ್ದು ಬನ್ನಿ. ಮನೆಯಲ್ಲಿ ಒಟಿಟಿ ಇದ್ದರೆ 13+ ಮತ್ತು ಅದಕ್ಕಿಂತ ಮೇಲಿನ ದರ್ಜೆಗೆ ಬೀಗ ಹಾಕುವ ಸೌಲಭ್ಯವನ್ನು ಅವರು ಕೊಡಲೇಬೇಕು, ಸೆಟ್ಟಿಂಗಿನಲ್ಲಿ ಇರುತ್ತದೆ. ನಾಲ್ಕಂಕಿಯ ಆ ಪಿನ್ನನ್ನು ನೀವೇ ಹಾಕಿ. ‘ಅದೆಲ್ಲ ನಮಗೆ ಗೊತ್ತಾಗಲ್ಲ, ನೀನೇ ಮಾಡಪ್ಪ’ ಅಂತ ಫೋನನ್ನು ಮಗನ ಕೈಗೆ ಕೊಡಬೇಡಿ.